ಐಇಎಲ್‌ಟಿಎಸ್ ಸ್ಪೀಕಿಂಗ್ ಅಂದ್ರೇ ಎದೆ ಢವಢವ

ಪ್ರಶ್ನೆ: ಮೇಡಂ, ನಾನು ಹಾಸನದಲ್ಲಿ ಸ್ಟಾಫ್ ನರ್ಸ್, ಓದಿದ್ದೆಲ್ಲಾ ಕನ್ನಡ ಮೀಡಿಯಂ. ಮುಂದಿನ ತಿಂಗಳು ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಇದೆ, ಅದ್ರ ಸ್ಪೀಕಿಂಗ್ ಟೆಸ್ಟಲ್ಲಿ ಎದುರಿಗೆ ಕೂತು ಮಾತಾಡೋದು ನೆನೆಸ್ಕೊಂಡ್ರೇ ಬಾಯಿ ಒಣಗುತ್ತೆ. ಉತ್ತರ ಬಾಯಿಪಾಠ ಮಾಡ್ಲಾ?

ಉತ್ತರ: ಬೇಡಮ್ಮ, ಬಾಯಿಪಾಠ ಮಾತ್ರ ಬೇಡ, ಅದು ಕೇಳಿದ ತಕ್ಷಣ ಗೊತ್ತಾಗಿಬಿಡುತ್ತೆ. ಇಡೀ ಸ್ಪೀಕಿಂಗ್ ಟೆಸ್ಟೇ 11ರಿಂದ 14 ನಿಮಿಷ. ಮೊದ್ಲು ಊರು, ಮನೆ, ಕೆಲ್ಸ ಅಂತ ಕೇಳ್ತಾರೆ, ಸುಲಭ. ಜನ ತಡವರಿಸೋದು ಎರಡನೇ ಭಾಗದಲ್ಲಿ, ಒಂದು ಕಾರ್ಡ್ ಕೊಟ್ಟು 1 ನಿಮಿಷ ಯೋಚ್ನೆ ಮಾಡೋಕೆ ಬಿಡ್ತಾರೆ, ಆಮೇಲೆ 2 ನಿಮಿಷದವರೆಗೂ ನೀವೊಬ್ರೇ ಮಾತಾಡ್ಬೇಕು. ಆ 1 ನಿಮಿಷದಲ್ಲಿ ಪೂರ್ತಿ ವಾಕ್ಯ ಬರೀತಾ ಕೂರಬೇಡಿ, ‘ಯಾರಿಗಾದ್ರೂ ಸಹಾಯ ಮಾಡಿದ್ದು’ ಅಂತ ಬಂತು ಅನ್ಕೊಳ್ಳಿ, ನೈಟ್ ಡ್ಯೂಟಿ, ಅಜ್ಜಿ, ಕೈ ಹಿಡ್ಕೊಂಡ್ರು, ಬೆಳಗ್ಗೆ ನಕ್ರು, ಇಷ್ಟು ಇಂಗ್ಲಿಷಲ್ಲಿ ಗೀಚ್ಕೊಂಡ್ರೆ ಸಾಕು, ಮಿಕ್ಕಿದ್ದು ತಾನಾಗೇ ಬರುತ್ತೆ. ದಿನಾ ಒಂದು ವಿಷಯ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿ. ನಮ್ಮ ಕನ್ನಡದ ಧಾಟಿ ಇದ್ರೆ ಮಾರ್ಕ್ಸ್ ಹೋಗಲ್ಲ, ಮಾತು ಅರ್ಥ ಆಗ್ಬೇಕು ಅಷ್ಟೇ. ಟೈಮ್ ಆದ್ರೆ ಮಧ್ಯದಲ್ಲೇ ನಿಲ್ಲಿಸ್ತಾರೆ, ಗಾಬರಿಯಾಗ್ಬೇಡಿ. ಪ್ರಶ್ನೆ ಕೇಳಿಸ್ಲಿಲ್ವಾ, ಇನ್ನೊಮ್ಮೆ ಹೇಳಿ ಅನ್ನಿ, ತಪ್ಪೇನಿಲ್ಲ. ಅವತ್ತು ಒರಿಜಿನಲ್ ಪಾಸ್‌ಪೋರ್ಟ್ ಖಂಡಿತ ಇಟ್ಕೊಳ್ಳಿ, ಮೊಬೈಲು ವಾಚು ಒಳಗೆ ಬಿಡಲ್ಲ.