ಎರಡನ್ನೂ ಒಂದೇ ಪಾಠ ಮಾಡಿ

ಮೇಡಂ, ಶಾಲೆಯ ಕಂಪ್ಯೂಟರ್ ಕೆಟ್ಟಿದೆ, ಎಂಟನೇ ಕ್ಲಾಸಿಗೆ ಇಂಟರ್ನೆಟ್ ಬಳಕೆ ಮತ್ತು ಸಂವಿಧಾನದ ಮೌಲ್ಯ ಎರಡನ್ನೂ ಹೇಗೆ ಕಲಿಸೋದು ಅಂತ ಕೇಳಿದ್ದೀರಿ. ನಿಮ್ಮ ಫೋನ್ ಒಂದಿದ್ರೆ ಸಾಕು. ನಾನು ಚಿತ್ರದುರ್ಗದಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ.

ಹೋದ ವರ್ಷ ಒಬ್ಬ ಹುಡುಗ ಮನೆಯ ವಾಟ್ಸಾಪ್ ಗ್ರೂಪಿಗೆ ಬಂದ ಫೋಟೊ ಬಗ್ಗೆ ಹೇಳಿದ. ನಮ್ಮ ಕೋಟೆಯ ಗೋಡೆಯನ್ನು ಇಂಥವರೇ ಕೆಡವಿದ್ದಾರೆ ಅಂತ ಅದರ ಕೆಳಗೆ ಬರೆದಿತ್ತು. ತರಿಸಿಕೊಂಡು ನೋಡಿದರೆ ಮೇಲೆ ಜೋಡಿ ಬಾಣದ ಗುರುತು. ಅದಿದ್ರೆ ಮೆಸೇಜ್ ಕನಿಷ್ಠ 5 ಕೈ ದಾಟಿ ಬಂದಿದೆ ಅಂತ ಅರ್ಥ. ಫೋಟೊ ಎಲ್ಲಿಯದು ಅಂತ ಹುಡುಕಿಕೊಡೋ ಗೂಗಲ್ ಲೆನ್ಸ್‌ಗೆ ಹಾಕೋ ಮೊದಲೇ ಹಿಂದಿನ ಬೆಂಚಿನ ಹುಡುಗಿ, "ಸರ್, ಇದು ಕೆಂಪು ಕಲ್ಲು, ನಮ್ಮ ಏಳು ಸುತ್ತಿನ ಕೋಟೆದು ಬೂದಿ ಬಣ್ಣದ್ದಲ್ವಾ" ಅಂದಳು. ಎಷ್ಟು ಖುಷಿಯಾಯ್ತು ಗೊತ್ತಾ! ಆಮೇಲೆ ಹುಡುಕಿದರೆ ಬೇರೆ ರಾಜ್ಯದ ಹಳೇ ಫೋಟೊ.

ಆಗಲೇ ಸಂವಿಧಾನದ 51ಎ ವಿಧಿ ಓದಿಸಿದೆ. ಅದರಲ್ಲಿ ನಾಗರಿಕರ 11 ಮೂಲಭೂತ ಕರ್ತವ್ಯಗಳಿವೆ, ಸೋದರಭಾವ, ಪರಂಪರೆಯ ರಕ್ಷಣೆ, ವೈಜ್ಞಾನಿಕ ಮನೋಭಾವ ಮೂರೂ ಆ ಒಂದೇ ಫೋಟೊಗೆ ತಾಗಿದವು. ಸುಮ್ನೆ ಬಾಯಿಪಾಠ ಮಾಡಿಸಿದ್ರೆ ಇದು ಆಗಲ್ಲ.

ಮೆಸೇಜ್ ತಂದ ಮಗುವನ್ನು ಮಾತ್ರ ಎಲ್ಲರೆದುರು ಬೈಯಬೇಡಿ. ಅದನ್ನು ಗ್ರೂಪಿಗೆ ಹಾಕಿದ್ದು ಅವರ ಚಿಕ್ಕಪ್ಪನೋ ಮಾವನೋ ಇರಬಹುದು, ಮನೆಗೆ ಹೋಗಿ ಅವರಿಗೆ ಮೆಲ್ಲಗೆ ಹೇಗೆ ಹೇಳೋದು ಅಂತಲೂ ಕಲಿಸಿ. ಹಾಗೇ ಆನ್‌ಲೈನ್ ಮೋಸದಲ್ಲಿ ಹಣ ಕಳೆದುಕೊಂಡರೆ ಕರೆ ಮಾಡಬೇಕಾದ 1930 ನಂಬರನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ.