ತೋಟದ ಮಾಲೀಕನನ್ನು ಬಿಟ್ಟು ಟಾಕೊ ಬೆಲ್ ಮೇಲೆ ಯಾಕೆ?

ಪ್ರಶ್ನೆ: ಅಮೆರಿಕದ ಫ್ಲೋರಿಡಾದಲ್ಲಿ ಟೊಮೆಟೊ ಕೀಳುವ ಕೂಲಿಯವರು ಫಾಸ್ಟ್‌ಫುಡ್ ಕಂಪನಿಗಳನ್ನು ಮಣಿಸಿದರಂತೆ. ಕೂಲಿ ಕೊಡುವವನು ತೋಟದ ಮಾಲೀಕ ಅಲ್ವಾ? ಕಂಪನಿ ಮೇಲೆ ಹೋಗಿದ್ದು ಯಾಕೆ?
– ಓದುಗರು, ಕೋಲಾರ

ಉತ್ತರ: ಮೊದಲು ಮಾಲೀಕರ ಮೇಲೇ ಹೋಗಿದ್ದರು. ಇಮ್ಮೊಕಲಿ ಎಂಬ ಊರಲ್ಲಿ 1993ರಲ್ಲಿ ಸಂಘಟನೆ ಶುರುವಾಯಿತು. ಮೆಕ್ಸಿಕೊ, ಗ್ವಾಟೆಮಾಲ, ಹೈಟಿಯಿಂದ ಬಂದವರೇ ಜಾಸ್ತಿ. ಕೆಲಸ ನಿಲ್ಲಿಸಿದರು. ಆರು ಜನ ಒಂದು ತಿಂಗಳು ಉಪವಾಸವನ್ನೂ ಕೂತರು. ಕೂಲಿ ಸ್ವಲ್ಪ ಏರಿತು, ಅಷ್ಟೇ. ಅಲ್ಲಿನ 1935ರ ಕಾರ್ಮಿಕ ಕಾನೂನು ಹೊಲದ ಕೂಲಿಯವರನ್ನು ಹೊರಗಿಟ್ಟಿದೆ. ಹಾಗಾಗಿ ಮಾತುಕತೆಗೆ ಬರಲೇಬೇಕು ಅನ್ನೋ ಭಯ ಮಾಲೀಕರಿಗೆ ಇರಲಿಲ್ಲ.

ಆದರೆ ರೇಟು ಕಟ್ಟುತ್ತಿದ್ದವರು ಲಾರಿಗಟ್ಟಲೆ ಕೊಳ್ಳುವ ಕಂಪನಿಗಳು. ಅವರು ಹಿಂಡಿದರೆ ಮಾಲೀಕ ಕೂಲಿಯಲ್ಲಿ ಹಿಡಿಯುತ್ತಾನೆ. ಹಾಗಾಗಿ 2001ರಲ್ಲಿ ಟಾಕೊ ಬೆಲ್ ಎಂಬ ಫಾಸ್ಟ್‌ಫುಡ್ ಕಂಪನಿಯ ಬಹಿಷ್ಕಾರಕ್ಕೆ ಕರೆ ಕೊಟ್ಟರು. ವಿದ್ಯಾರ್ಥಿಗಳು, ಚರ್ಚ್‌ನವರು ಜೊತೆಗೆ ನಿಂತರು. 2005ರಲ್ಲಿ ಕಂಪನಿ ಒಪ್ಪಿತು: ಪೌಂಡಿಗೆ (ಸುಮಾರು ಅರ್ಧ ಕೆಜಿ) ಒಂದು ಸೆಂಟ್ (ಡಾಲರಿನ ನೂರನೇ ಒಂದು ಭಾಗ) ಜಾಸ್ತಿ, ಅದು ಕೂಲಿಯವರಿಗೆ. 2007ರಲ್ಲಿ ಮೆಕ್‌ಡೊನಾಲ್ಡ್ಸ್, 2014ರಲ್ಲಿ ವಾಲ್‌ಮಾರ್ಟ್ ಬಂದವು.

ಎಲ್ಲರೂ ಆ ಒಂದು ಸೆಂಟ್ ಬಗ್ಗೆಯೇ ಮಾತಾಡ್ತಾರೆ. ನನ್ನ ಪ್ರಕಾರ ದೊಡ್ಡ ಗೆಲುವು ಬಕೆಟ್‌ನದು. ಒಂದು ಬಕೆಟ್ 32 ಪೌಂಡ್, ನಿಮ್ಮ ಮಂಡಿಯ 15 ಕೆಜಿ ಕ್ರೇಟಿಗೆ ಅರ್ಧ ಕೆಜಿ ಕಡಿಮೆ. ಕೂಲಿಯ ಲೆಕ್ಕ ಬಕೆಟ್ಟಿಗೆ ಇಷ್ಟು ಅಂತ. ಆದರೆ ಅಂಚಿನ ಮೇಲೆ ಗೋಪುರದ ಹಾಗೆ ಪೇರಿಸಬೇಕಿತ್ತು. ಇಲ್ಲದಿದ್ದರೆ ಲಾರಿ ಮೇಲಿನವನು ವಾಪಸ್ ಕಳಿಸುತ್ತಿದ್ದ. ಆ ಮೇಲಿನ ಹಣ್ಣಿಗೆ ಕಾಸಿಲ್ಲ! 2011ರಿಂದ ಜಾರಿಯಾದ ಫೇರ್ ಫುಡ್ ಪ್ರೋಗ್ರಾಂ ಎಂಬ ಒಪ್ಪಂದ ಇದನ್ನು ನಿಲ್ಲಿಸಿತು. ನೆರಳು, ಕುಡಿಯುವ ನೀರು, ದೂರು ಹೇಳಲು 24 ಗಂಟೆಯ ಫೋನ್ ಬಂದವು. ನಿಯಮ ಮುರಿದ ತೋಟದಿಂದ ಒಪ್ಪಿದ ಕಂಪನಿಗಳು ಕೊಳ್ಳುವಂತಿಲ್ಲ. ಮಾಲೀಕರು ಬಗ್ಗಿದ್ದು ಇದಕ್ಕೇ.

ಎಲ್ಲರೂ ಒಪ್ಪಿಲ್ಲ. ವೆಂಡೀಸ್ ಎಂಬ ಬರ್ಗರ್ ಕಂಪನಿ ಮಣಿಯದ ಕಾರಣ 2016ರಲ್ಲಿ ಅದರ ಮೇಲೂ ಬಹಿಷ್ಕಾರ ಶುರುವಾಯಿತು.

ಕೋಲಾರದಲ್ಲಿ ಇದನ್ನೇ ಮಾಡಬಹುದಾ ಅಂದರೆ, ಮಂಡಿಯಲ್ಲಿ ಕಷ್ಟ. ಹರಾಜಾದ ಹಣ್ಣು ನೂರು ವ್ಯಾಪಾರಿಗಳ ಕೈಗೆ ಹೋಗುತ್ತೆ. ಬಹಿಷ್ಕರಿಸೋಕೆ ಒಂದು ಕಂಪನಿಯ ಹೆಸರು ಸಿಗಲ್ಲ. ಸೂಪರ್‌ಮಾರ್ಕೆಟ್ಟಿನವರು ತೋಟದಿಂದ ನೇರವಾಗಿ ಕೊಳ್ಳುವ ಕಡೆ ಮಾತ್ರ ಈ ದಾರಿ ನೋಡಬಹುದು.