ಗಣಿಗುಡ್ಡದ ಕೆಂಪು ಹೂಳು ಹೊಲಕ್ಕೆ ನುಗ್ಗಿದರೆ

ಪ್ರಶ್ನೆ: ಸಂಡೂರು ತಾಲ್ಲೂಕಿನ ಗುಡ್ಡದ ಬುಡದಲ್ಲಿ ನಮ್ಮ ಮೂರು ಎಕರೆ ಹೊಲವಿದೆ. ಮೇಲೆ ಹಳೆಯ ಗಣಿಯ ಮಣ್ಣಿನ ರಾಶಿ. ಜೋರು ಮಳೆಗೆ ಕೆಂಪು ಕೆಸರು ಇಳಿದು ಮೆಕ್ಕೆಜೋಳದ ಮೊಳಕೆಯೇ ಮೇಲೇಳುವುದಿಲ್ಲ. ಬದು ಎತ್ತರಿಸಿದರೂ ಒಡೆಯುತ್ತದೆ. ಏನು ಮಾಡಬೇಕು?

ಉತ್ತರ: ಬದು ಒಡೆಯುತ್ತಿರುವುದು ಗಿಡ್ಡವಾಗಿದ್ದಕ್ಕಲ್ಲ, ನೀರಿಗೆ ಹೊರದಾರಿ ಇಲ್ಲದ್ದಕ್ಕೆ. ಇನ್ನಷ್ಟು ಎತ್ತರಿಸಿದರೆ ಇನ್ನಷ್ಟು ನೀರು ನಿಂತು ಒಮ್ಮೆಗೇ ಕಿತ್ತುಕೊಂಡು ಹೋಗುತ್ತದೆ. ಕೆಸರು ಹೊಲಕ್ಕೆ ನುಗ್ಗುವ ಜಾಗದಲ್ಲಿ ಸುಮಾರು 3 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 1 ಮೀಟರ್ ಆಳದ ಗುಂಡಿ ತೆಗೆಯಿರಿ. ನೀರು ಅಲ್ಲಿ ನಿಧಾನವಾಗಿ ಹೂಳು ಕೆಳಗಿಳಿಯುತ್ತದೆ. ತಿಳಿನೀರು ಕಲ್ಲು ಹಾಸಿದ ಕೋಡಿಯಿಂದ ಹಳ್ಳಕ್ಕೆ ಹೋಗಲಿ. ಪ್ರತಿ ದೊಡ್ಡ ಮಳೆಯ ನಂತರ ಗುಂಡಿ ಬಳಿಯಲೇಬೇಕು. ತುಂಬಿದ ಗುಂಡಿ ಇದ್ದೂ ಇಲ್ಲದಂತೆ. ಗುಂಡಿಯ ಮೇಲ್ಭಾಗದಲ್ಲಿ ಇಳಿಜಾರಿಗೆ ಅಡ್ಡವಾಗಿ ಲಾವಂಚದ ಎರಡು ಸಾಲು ನೆಡಿ, ಬುಡದಿಂದ ಬುಡಕ್ಕೆ ಒಂದು ಗೇಣಿಗಿಂತ ಕಡಿಮೆ ಅಂತರವಿರಲಿ. ಮಳೆಗಾಲದ ಶುರುವಿನಲ್ಲೇ ನೆಟ್ಟರೆ ಬೇರು ಹಿಡಿಯುತ್ತದೆ.

ಮೊಳಕೆ ಏಳದಿರುವುದಕ್ಕೆ ಮುಖ್ಯ ಕಾರಣ ಅದಿರಿನ ವಿಷ ಅಲ್ಲ. ನುಣುಪಾದ ಕಣಗಳು ಮಣ್ಣಿನ ರಂಧ್ರ ಮುಚ್ಚಿ, ಒಣಗಿದಾಗ ಹೆಕ್ಕಳೆ ಕಟ್ಟುತ್ತವೆ. ಎರಡು ಬೆರಳಿಗಿಂತ ತೆಳುವಾಗಿದ್ದರೆ ಹದ ನೋಡಿ ಉಳುಮೆಯಲ್ಲಿ ಬೆರೆಸಿ, ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರ ಕೊಡಿ. ದಪ್ಪವಾಗಿದ್ದರೆ ಕೆರೆದು ಹೊರಹಾಕುವುದೇ ಸರಿ. ಫಲವತ್ತಿಗೆಂದು ಕೆರೆ ಗೋಡು ತರುವ ಯೋಚನೆಯಿದ್ದರೆ ಎಚ್ಚರ: ಈ ಭಾಗದ ಎಷ್ಟೋ ಕೆರೆಗಳಿಗೆ ಇಳಿದಿರುವುದೂ ಇದೇ ಅದಿರಿನ ಹೂಳು. ಮಣ್ಣು ಪರೀಕ್ಷೆ ಮಾಡಿಸದೆ ಹಾಕಬೇಡಿ.

ಆದರೆ ಬುಡದಲ್ಲಿ ನೀವೆಷ್ಟು ದುಡಿದರೂ ಮೇಲಿನ ರಾಶಿ ಸಡಿಲವಾಗಿದ್ದರೆ ಕೆಸರು ನಿಲ್ಲದು. ರಾಶಿಯನ್ನು ಮೆಟ್ಟಿಲುಗಳಾಗಿ ಕಡಿದು, ಮೆಟ್ಟಿಲು ಒಳಕ್ಕೆ ವಾಲುವಂತೆ ಮಾಡಿ, ಬುಡಕ್ಕೆ ಕಲ್ಲಿನ ತಡೆಗೋಡೆ, ಅದರ ಸುತ್ತ ಕಾಲುವೆ, ಕಾಲುವೆಯ ಕೊನೆಗೆ ಹೂಳುಗುಂಡಿ, ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹೊದಿಸಿ ಹುಲ್ಲು, ಹೊಂಗೆ, ಬೇವು ಬೆಳೆಸಬೇಕು. ಗೋಡೆಗೆ ನೀರು ಸೋರುವ ಕಿಂಡಿಗಳಿಲ್ಲದಿದ್ದರೆ ಹಿಂದಿನ ಒತ್ತಡಕ್ಕೆ ಅದೂ ಬೀಳುತ್ತದೆ.

ಇದು ಗಣಿಯವರು ಮಾಡುವ ಉಪಕಾರವಲ್ಲ. 2011ರಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟ್, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅಕ್ರಮ ಇಲ್ಲದ ಅಥವಾ ಕಡಿಮೆಯಿದ್ದ ಎ ಮತ್ತು ಬಿ ವರ್ಗದ ಗಣಿಗಳಿಗೆ ಮತ್ತೆ ದಾರಿ ಬಿಟ್ಟದ್ದೇ ಪ್ರತಿ ಗಣಿಗೂ ಪುನಶ್ಚೇತನ ಯೋಜನೆಯ, ಅಂದರೆ ಹಾಳಾದ ನೆಲವನ್ನು ಸರಿಪಡಿಸುವ ಯೋಜನೆಯ, ಷರತ್ತು ಹಾಕಿ. ಅಕ್ರಮ ಹೆಚ್ಚಿದ್ದ ಸಿ ವರ್ಗದವು ರದ್ದಾದವು. ಹಾಗಾಗಿ ಆ ರಾಶಿ ಯಾವ ಗಣಿಗೆ, ಯಾವ ವರ್ಗಕ್ಕೆ ಸೇರಿದ್ದು ಎಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಮೊದಲು ವಿಚಾರಿಸಿ. ಚಾಲ್ತಿಯ ಗಣಿಯಾದರೆ ಮಾಹಿತಿ ಹಕ್ಕಿನಡಿ ಅದರ ಯೋಜನೆಯ ನಕ್ಷೆ ಕೇಳಿ. ಮಳೆ ನಿಂತ ದಿನವೇ ತೆಗೆದ, ದಿನಾಂಕವಿರುವ ಫೋಟೊಗಳನ್ನು ಸರ್ವೆ ನಂಬರ್ ಬರೆದು ಅರ್ಜಿಗೆ ಲಗತ್ತಿಸಿ, ಜಂಟಿ ಸ್ಥಳ ಪರಿಶೀಲನೆಗೆ ಒತ್ತಾಯಿಸಿ. ಅಕ್ಕಪಕ್ಕದ ಹೊಲದವರೂ ಜತೆಯಲ್ಲಿ ಸಹಿ ಹಾಕಲಿ.